ದರ್ಬಾರಿನ ಮುಂಗಡ



ತಂತ್ರಜ್ಞಾನದ ಕಂಪನಿಗಳು ಅಧಿಕಾರಸ್ಥರ ಕೃಪೆಗೆ ಕೈಯೊಡ್ಡುವುದು, ಅದರಿಂದ ಬಳಕೆದಾರರ ವಿಶ್ವಾಸ ಕರಗುವುದು, ಇದು ಇಂದಿನ ಉಪನ್ಯಾಸದ ವಿಷಯ. ಇದು ದೂರದ ಅಮೆರಿಕದ ಗೊಡವೆ, ನಮಗೇಕೆ ಎಂದು ಕೇಳುವವರಿರಬಹುದು. ಆದರೆ ವ್ಯಾಪಾರದ ಕಂಪನಿಯೊಂದು ಅರಮನೆಯ ಬಾಗಿಲು ತಟ್ಟಿದರೆ ಮುಂದೆ ಏನೇನಾಗುತ್ತದೆ ಎಂಬುದನ್ನು ಸೇಲಂ–ಧರ್ಮಪುರಿಯ ನಮ್ಮ ಬಾರಾಮಹಲ್ ಸೀಮೆ ಇನ್ನೂರು ವರ್ಷಗಳ ಹಿಂದೆಯೇ ಕಂಡಿದೆ.

1. ಕಂಪನಿ ಮತ್ತು ಮಗ್ಗ

ಈಸ್ಟ್ ಇಂಡಿಯಾ ಕಂಪನಿ 1717ರಲ್ಲಿ ಮೊಗಲ್ ಬಾದಶಹ ಫರೂಖ್‌ಸಿಯರನಿಂದ ಬಂಗಾಳದ ವ್ಯಾಪಾರಕ್ಕೆ ಸುಂಕದ ವಿನಾಯಿತಿ ಪಡೆಯಿತು. 1765ರಲ್ಲಿ ಅದಕ್ಕೆ ಬಂಗಾಳದ ದಿವಾನಿಯೇ, ಅಂದರೆ ಕಂದಾಯ ಎತ್ತುವ ಹಕ್ಕೇ, ಸಿಕ್ಕಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನ ಕೈಯಿಂದ ಬಾರಾಮಹಲ್ ಮತ್ತು ಸೇಲಂ ಸೀಮೆ ಅದರ ಪಾಲಾಯಿತು. ಅಲೆಕ್ಸಾಂಡರ್ ರೀಡ್ ಕಲೆಕ್ಟರಾಗಿ ಬಂದ. ಅವನ ಕೈಕೆಳಗಿನ ಥಾಮಸ್ ಮನ್ರೋ ಧರ್ಮಪುರಿಯಲ್ಲಿ ನೆಲೆಸಿ ಹೊಲಗಳನ್ನು ಅಳೆಸಿದ. ಅರ್ಜಿ ಹಿಡಿದು ಹೊರಟಿದ್ದ ವ್ಯಾಪಾರಿ ಕಂದಾಯ ಎತ್ತುವ ದೊರೆಯಾದದ್ದು ಹೀಗೆ.

ಅದೇ ಕಂಪನಿ ನೇಕಾರರಿಗೆ ಮುಂಗಡ ಕೊಡುತ್ತಿತ್ತು. ಮುಂಗಡ ಪಡೆದ ಮೇಲೆ ಆ ಬಟ್ಟೆಯನ್ನು ಬೇರೆಯವರಿಗೆ ಮಾರುವಂತಿರಲಿಲ್ಲ, ಬೆಲೆಯ ಬಗ್ಗೆ ಚೌಕಾಸಿಯೂ ಇರಲಿಲ್ಲ. ಸೇಲಂನ ದೇವಾಂಗ ನೇಕಾರರ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಧಿಕಾರದ ಕೃಪೆಯೂ ಇಂಥ ಮುಂಗಡವೇ. ಅದನ್ನು ಪಡೆದವನ ಬಾಯಲ್ಲಿ ಆಮೇಲೆ ‘ಆಗದು’ ಎಂಬ ಮಾತು ಹೊರಡುವುದು ಕಷ್ಟ. ನನ್ನ ವಾದವೆಲ್ಲ ಇಷ್ಟೇ.

2. ಕೂ

2020ರಲ್ಲಿ ಬೆಂಗಳೂರಿನ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ‘ಕೂ’ ಎಂಬ ಸಾಮಾಜಿಕ ಜಾಲತಾಣವನ್ನು ತೆರೆದರು. ಅದು ಮೊದಲು ಬಂದದ್ದು ಕನ್ನಡದಲ್ಲಿ. ಇಂಗ್ಲಿಷ್ ಬಾರದವರೂ ತಮ್ಮ ಮಾತನ್ನು ಹತ್ತು ಜನಕ್ಕೆ ಹೇಳಲಿ ಎಂಬ ಒಳ್ಳೆಯ ಉದ್ದೇಶ ಅದಕ್ಕಿತ್ತು. ಅದೇ ವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಗೆದ್ದಿತು.

2021ರ ಫೆಬ್ರವರಿಯಲ್ಲಿ ರೈತ ಚಳವಳಿಗೆ ಸಂಬಂಧಿಸಿದ ಸಾವಿರಕ್ಕೂ ಹೆಚ್ಚು ಖಾತೆಗಳನ್ನು ತಡೆಯಬೇಕೆಂದು ಸರ್ಕಾರ ಟ್ವಿಟರ್‌ಗೆ ಆದೇಶಿಸಿತು. ಟ್ವಿಟರ್ ಪೂರ್ತಿ ಒಪ್ಪಲಿಲ್ಲ. ಆಗ ಕೇಂದ್ರ ಸಚಿವ ಪಿಯೂಷ್ ಗೋಯಲ್ ತಾವು ಕೂ ಸೇರಿದ್ದನ್ನು ಸಾರಿದರು. ಟ್ವಿಟರ್‌ಗೆ ಕೊಡಬೇಕಾದ ಉತ್ತರವನ್ನು ಐಟಿ ಸಚಿವಾಲಯ ಮೊದಲು ಪ್ರಕಟಿಸಿದ್ದೂ ಕೂನಲ್ಲೇ. ಅದೇ ವರ್ಷ ಜೂನ್‌ನಲ್ಲಿ ನೈಜೀರಿಯಾ ಸರ್ಕಾರ ಟ್ವಿಟರನ್ನು ನಿಷೇಧಿಸಿ ಕೂನಲ್ಲಿ ಖಾತೆ ತೆರೆಯಿತು.

ಜನ ನುಗ್ಗಿ ಬಂದರು ನಿಜ. ಆದರೆ ಬಹುಮಂದಿಯ ಕಣ್ಣಿಗೆ ಅದು ಆಳುವವರ ಅಂಗಳವಾಗಿ ಕಂಡಿತು. ಸರ್ಕಾರವನ್ನು ಟೀಕಿಸಬೇಕಾದವನು ಆ ಅಂಗಳಕ್ಕೆ ಏಕೆ ಬಂದಾನು? ಸಚಿವರೂ ಟ್ವಿಟರನ್ನು ಬಿಟ್ಟು ಹೋಗಲಿಲ್ಲ. ಅಲ್ಲೂ ಬರೆದರು, ಇಲ್ಲೂ ಬರೆದರು. 2024ರ ಜುಲೈನಲ್ಲಿ ಕೂ ಮುಚ್ಚಿತು. ದೊಡ್ಡ ಕಂಪನಿಗಳೊಂದಿಗಿನ ಮಾತುಕತೆ ಕೈಗೂಡಲಿಲ್ಲ, ಖರ್ಚು ತಡೆಯಲಾಗಲಿಲ್ಲ ಎಂದು ಸಂಸ್ಥಾಪಕರು ಹೇಳಿದರು. ಆ ಕಾರಣಗಳು ಸುಳ್ಳಲ್ಲ. ಜೊತೆಗೆ ಇನ್ನೊಂದನ್ನು ನಾನು ಸೇರಿಸುತ್ತೇನೆ: ಸಚಿವರು ಕಳಿಸಿಕೊಟ್ಟ ಬಳಕೆದಾರ ಸಚಿವರ ಉತ್ಸಾಹ ಇರುವಷ್ಟು ದಿನ ಮಾತ್ರ ಉಳಿಯುತ್ತಾನೆ.

3. ಅರಟ್ಟೈ

ಬೆಂಗಳೂರಿನದಾಯಿತು, ಈಗ ನಮ್ಮ ತಮಿಳುನಾಡಿನದು. ಶ್ರೀಧರ್ ವೆಂಬು ಅವರ ಜೋಹೋ ಕಂಪನಿ ತೆಂಕಾಶಿಯ ಹಳ್ಳಿಯಲ್ಲಿ ಕುಳಿತೂ ಜಗತ್ತಿಗೆ ಸಾಫ್ಟ್‌ವೇರ್ ಮಾರಬಹುದೆಂದು ತೋರಿಸಿತು. ಅದು ದಶಕಗಳ ದುಡಿಮೆಯಿಂದ ಬಂದ ಹೆಸರು, ಯಾರ ಶಿಫಾರಸಿನಿಂದಲೂ ಬಂದದ್ದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಐಟಿ ಸಚಿವ ಅಶ್ವಿನಿ ವೈಷ್ಣವ್ ತಾವು ಜೋಹೋ ಬಳಸುವುದಾಗಿ ಹೇಳಿದರು. ಶಿಕ್ಷಣ ಸಚಿವ ಧರ್ಮೇಂದ್ರ ಪ್ರಧಾನ್ ಜೋಹೋದ ಸಂದೇಶ ಆ್ಯಪ್ ಅರಟ್ಟೈಯನ್ನು ಬಳಸಿರೆಂದು ಕರೆಕೊಟ್ಟರು. ಮೂರೇ ದಿನಗಳಲ್ಲಿ ದಿನದ ಹೊಸ ನೋಂದಣಿ 3,000ದಿಂದ 3,50,000ಕ್ಕೆ ಏರಿತೆಂದು ವೆಂಬು ತಿಳಿಸಿದರು. ಅಕ್ಟೋಬರ್‌ನಲ್ಲಿ ಗೃಹ ಸಚಿವ ಅಮಿತ್ ಶಾ ಜೋಹೋ ಮೇಲ್‌ಗೆ ಬಂದರು.

ಆ ಹೊತ್ತಿಗೆ ಅರಟ್ಟೈನ ಕರೆಗಳಿಗೆ ಪೂರ್ಣ ಗೂಢಲಿಪಿಯ ರಕ್ಷಣೆ ಇತ್ತು, ಬರಹದ ಸಂದೇಶಗಳಿಗೆ ಇರಲಿಲ್ಲ. ಸಾಮಾನ್ಯ ದಿನಗಳಲ್ಲಿ ಇದು ಎಂಜಿನಿಯರುಗಳು ತುಂಬಿಕೊಡಬೇಕಾದ ಒಂದು ಕೊರತೆ ಮಾತ್ರ. ಸಚಿವರೇ ಪ್ರಚಾರಕ್ಕೆ ನಿಂತಾಗ ಅದೇ ಕೊರತೆ ಸಂಶಯಕ್ಕೆ ದಾರಿಯಾಗುತ್ತದೆ: ನನ್ನ ಸಂದೇಶವನ್ನು ಯಾರು ಓದಬಲ್ಲರು? ಜೋಹೋ ತಪ್ಪು ಮಾಡಿತೆಂದು ನಾನು ಹೇಳುತ್ತಿಲ್ಲ. ಕೇಳದೆ ಬಂದ ಕೃಪೆಯೂ ಭಾರವೇ. ಕೂಗಿಂತ ಗಟ್ಟಿಯಾದ ಈ ಕಂಪನಿ ಅದನ್ನು ಹೊತ್ತು ನಡೆಯಬೇಕಾಗಿದೆ.

4. ವಾಷಿಂಗ್ಟನ್ ಮತ್ತು ಹೊಸೂರು

2016ರಲ್ಲಿ ಅಮೆರಿಕದ ಎಫ್‌ಬಿಐ, ಹತ್ಯಾಕಾಂಡ ನಡೆಸಿದವನೊಬ್ಬನ ಐಫೋನಿನ ಬೀಗ ತೆರೆಯಲು ನೆರವಾಗಬೇಕೆಂದು ನ್ಯಾಯಾಲಯದ ಆದೇಶ ತಂದಾಗ ಆ್ಯಪಲ್‌ನ ಟಿಮ್ ಕುಕ್ ಒಪ್ಪಲಿಲ್ಲ. ಆ ಒಂದು ನಿರಾಕರಣೆ ಗಳಿಸಿಕೊಟ್ಟ ವಿಶ್ವಾಸವನ್ನು ಯಾವ ಜಾಹೀರಾತೂ ಗಳಿಸಿಕೊಡಲಾರದು. 2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಅವರ ಪ್ರಮಾಣವಚನಕ್ಕೆ ಅದೇ ಕುಕ್, ಜೊತೆಗೆ ಮೆಟಾದ ಜುಕರ್‌ಬರ್ಗ್, ಅಮೆಜಾನ್‌ನ ಬೆಜೋಸ್, ಗೂಗಲ್‌ನ ಪಿಚೈ, ಎಕ್ಸ್‌ನ ಮಸ್ಕ್ ಸೇರಿದ್ದರು. ಆಗಸ್ಟ್‌ನಲ್ಲಿ ಕುಕ್ ಅಧ್ಯಕ್ಷರಿಗೆ 24 ಕ್ಯಾರೆಟ್ ಚಿನ್ನದ ಪೀಠವಿದ್ದ ಗಾಜಿನ ಕಾಣಿಕೆ ಒಪ್ಪಿಸಿದರು.

ಇದಕ್ಕೆ ಇನ್ನೊಂದು ಮಗ್ಗುಲಿದೆ, ಅದು ನಮ್ಮ ಪಕ್ಕದಲ್ಲೇ ಇದೆ. 2004ರವರೆಗೆ ಧರ್ಮಪುರಿ ಜಿಲ್ಲೆಯಲ್ಲೇ ಇದ್ದ ಹೊಸೂರಿನ ಬಳಿ ಟಾಟಾ ಎಲೆಕ್ಟ್ರಾನಿಕ್ಸ್ ಐಫೋನಿನ ಬಿಡಿಭಾಗಗಳನ್ನು ತಯಾರಿಸುತ್ತದೆ. ಈ ಸೀಮೆಯ ಹೆಣ್ಣುಮಕ್ಕಳು ಬಹಳ ಮಂದಿ ಅಲ್ಲಿ ದುಡಿಯುತ್ತಾರೆ. ಭಾರತದ ಸರಕಿನ ಮೇಲೆ ಅಮೆರಿಕ 50 ಪ್ರತಿಶತ ಸುಂಕ ಹೇರಿದಾಗ ಸ್ಮಾರ್ಟ್‌ಫೋನುಗಳು ಅದರಿಂದ ಪಾರಾದವು. ಕುಕ್ ಬಾಗಿದ್ದರಿಂದ ನಮ್ಮ ಮಗಳ ಸಂಬಳ ಉಳಿಯಿತಲ್ಲ ಎಂದು ತಾಯಿಯೊಬ್ಬಳು ಕೇಳಿದರೆ ಆಕೆಯನ್ನು ತಪ್ಪೆನ್ನಲಾಗದು. ಆದರೆ ಒಬ್ಬನ ಮರ್ಜಿಯಿಂದ ಉಳಿದ ಸಂಬಳ ಅವನ ಮರ್ಜಿ ಬದಲಾದರೆ ಹೋಗುತ್ತದೆ. ಕಾಯ್ದೆಯಿಂದ, ಒಪ್ಪಂದದಿಂದ ಬಂದ ರಕ್ಷಣೆಯೇ ಬೇರೆ, ಕಾಣಿಕೆಯಿಂದ ಬಂದದ್ದೇ ಬೇರೆ.

ಇನ್ನು ಮಸ್ಕ್. ಜಾಲತಾಣಗಳಿಂದ ಬರಹಗಳನ್ನು ತೆಗೆಸಲು ಭಾರತ ಸರ್ಕಾರ ಬಳಸುವ ‘ಸಹಯೋಗ್’ ಪೋರ್ಟಲ್ ವಿರುದ್ಧ ಅವರ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಕರ್ನಾಟಕ ಹೈಕೋರ್ಟಿಗೆ ಹೋಯಿತು. 2025ರ ಸೆಪ್ಟೆಂಬರ್ 24ರಂದು ಅರ್ಜಿ ವಜಾ ಆಯಿತು. ಎತ್ತಿದ ಪ್ರಶ್ನೆ ಗಂಭೀರವಾದದ್ದೇ. ಆದರೆ ಅದೇ ಮಾಲೀಕ 2024ರ ಚುನಾವಣೆಯಲ್ಲಿ ಟ್ರಂಪ್ ಪಾಳಯಕ್ಕೆ 25 ಕೋಟಿ ಡಾಲರಿಗೂ ಮಿಕ್ಕಿ ಸುರಿದಿದ್ದರು. ಬೆಂಗಳೂರಿನಲ್ಲಿ ಆಡಿದ ಸ್ವಾತಂತ್ರ್ಯದ ಮಾತನ್ನು ಕೇಳಿದವರು ಇದು ತತ್ವವೋ ಲೆಕ್ಕಾಚಾರವೋ ಎಂದು ಅನುಮಾನಿಸಿದರೆ ಅದು ಕೇಳಿದವರ ತಪ್ಪಲ್ಲ.

5. ಕೊನೆಯ ಮಾತು

ಕಂಪನಿಗಳು ಸರ್ಕಾರದೊಂದಿಗೆ ಮಾತಾಡಲೇಬಾರದೆಂದು ಯಾರೂ ಹೇಳರು. ಕಾನೂನು ಪಾಲಿಸುವುದು ಕರ್ತವ್ಯ. ಕೃಪೆ ಬೇಡುವುದು ವ್ಯಾಪಾರದ ದುರಾಸೆ. ಎರಡನ್ನೂ ಬೇರೆಬೇರೆಯಾಗಿ ನೋಡಲು ನಾವು ಕಲಿಯಬೇಕು. ಸರ್ಕಾರದಿಂದ ಬಂದ ಆದೇಶಗಳೆಷ್ಟು, ಪಾಲಿಸಿದ್ದೆಷ್ಟು, ಪ್ರಶ್ನಿಸಿದ್ದೆಷ್ಟು ಎಂಬುದನ್ನು ಕಂಪನಿ ವರ್ಷವರ್ಷವೂ ಬಹಿರಂಗಪಡಿಸಲಿ. ಪಕ್ಷಗಳಿಗೆ ಕೊಟ್ಟ ದೇಣಿಗೆಯನ್ನೂ ಹೇಳಲಿ. ಯುವಕರೇ, ಹೊಸ ಆ್ಯಪನ್ನು ಫೋನಿಗೆ ಇಳಿಸಿಕೊಳ್ಳುವ ಮುನ್ನ ಅದನ್ನು ಹೊಗಳಿದ ಸಚಿವರು ಯಾರೆಂದು ನೋಡುವುದಕ್ಕಿಂತ, ಆ ಕಂಪನಿ ಯಾವ ಅಧಿಕಾರಕ್ಕಾದರೂ ಎಂದಾದರೂ ‘ಆಗದು’ ಎಂದಿದೆಯೇ ಎಂದು ವಿಚಾರಿಸಿ. ಅಂಥ ಒಂದು ಉದಾಹರಣೆಯೂ ಸಿಗದಿದ್ದರೆ ನಿಮ್ಮ ಮನೆಯ ಮಾತನ್ನು ಅದರ ಕೈಗೆ ಕೊಡಬೇಡಿ.