ಎರಡು ವಾಕ್ಯಗಳ ನಡುವೆ



ಪಿ.ಯು.ಸಿ. ತರಗತಿಯಲ್ಲಿ ನಾನು ಬರೆದುಕೊಟ್ಟ ಇಂಗ್ಲಿಷ್ ಪ್ರಬಂಧವೊಂದು ಮರಳಿ ಕೈಸೇರಿದಾಗ ಅದರ ಅಲ್ಪವಿರಾಮಗಳೆಲ್ಲ ಕೆಂಪು ಶಾಯಿಯ ವೃತ್ತಗಳಲ್ಲಿ ಸೆರೆಯಾಗಿದ್ದುವು. ತಪ್ಪೇನೆಂದು ಅಧ್ಯಾಪಕರು ಹೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಕಾರಣ ಹೊಳೆದದ್ದು ಎಷ್ಟೋ ವರ್ಷಗಳ ಅನಂತರ, ಕನ್ನಡ ವ್ಯಾಕರಣವನ್ನು ಪಾಠ ಹೇಳುತ್ತಿದ್ದಾಗ.

‘ಮಳೆ ನಿಂತು, ಬಿಸಿಲು ಬಂದಿತು’ ಎನ್ನುತ್ತೇವೆ. ಇಲ್ಲಿ ‘ಬಂದಿತು’ ಒಂದೇ ಪೂರ್ಣಕ್ರಿಯೆ. ‘ನಿಂತು’ ಎಂಬುದು ತಾನಾಗಿ ನಿಲ್ಲಲಾರದು. ಮುಂದಿನ ಮಾತಿಗೆ ಕೈಚಾಚಿಕೊಂಡೇ ಇರುತ್ತದೆ. ಆದ್ದರಿಂದ ನಡುವೆ ಒಂದು ಅಲ್ಪವಿರಾಮ ಸಾಕು. ಅದೂ ಇಲ್ಲದಿದ್ದರೆ ನಷ್ಟವಿಲ್ಲ. ಇದನ್ನೇ ವಿದ್ಯಾರ್ಥಿ ‘ದ ರೇನ್ ಸ್ಟಾಪ್ಡ್, ದ ಸನ್ ಕೇಮ್ ಔಟ್’ ಎಂದು ಬರೆಯುತ್ತಾನೆ. ‘ನಿಂತು’ ಎಂಬುದು ‘ಸ್ಟಾಪ್ಡ್’ ಆಗುವಾಗ ಪೂರ್ಣಕ್ರಿಯೆಯಾಗಿಬಿಟ್ಟಿತು. ಈಗಿರುವುದು ಎರಡು ಸ್ವತಂತ್ರ ವಾಕ್ಯಗಳು. ಅವನ್ನು ಹಿಡಿದಿಡುವ ಶಕ್ತಿ ಇಂಗ್ಲಿಷಿನ ಅಲ್ಪವಿರಾಮಕ್ಕಿಲ್ಲ.

ಪರಿಹಾರಗಳು ಮುಖ್ಯವಾಗಿ ಮೂರು. ಪೂರ್ಣವಿರಾಮವಿಟ್ಟರೆ ಎರಡು ಸಂಗತಿಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಅಲ್ಪವಿರಾಮದ ಮುಂದೆ ‘ಆ್ಯಂಡ್’, ‘ಬಟ್’, ‘ಸೋ’ ಮುಂತಾದ ಸಂಯೋಜಕವನ್ನು ಸೇರಿಸಿದರೆ ಸಂಬಂಧ ಬಾಯಿಬಿಟ್ಟು ಹೇಳಿದಂತಾಗುತ್ತದೆ. ಅರ್ಧವಿರಾಮವಿಟ್ಟರೆ ಸಂಬಂಧವುಂಟೆಂಬ ಸೂಚನೆ ಮಾತ್ರ. ಅದು ಯಾವುದೆಂಬುದನ್ನು ಓದುಗನೇ ಕಂಡುಕೊಳ್ಳಬೇಕು. ಹದಿನೈದನೆಯ ಶತಮಾನದ ಕೊನೆಗೆ ವೆನಿಸ್ಸಿನ ಮುದ್ರಕ ಆಲ್ಡಸ್ ಮನುಷಿಯಸನ ಅಚ್ಚುಕೂಟದಿಂದ ಹೊರಟ ಈ ಪುಟ್ಟ ಚಿಹ್ನೆಯ ಸೊಗಸು ಇರುವುದು ಇಲ್ಲಿಯೇ.

ನಮಗೆ ಇನ್ನೂ ಎರಡು ತೊಡಕುಗಳುಂಟು. ನಮ್ಮ ಶಾಲಾ ವ್ಯಾಕರಣಗಳು ಒಂದು ಪ್ರಧಾನ ವಾಕ್ಯಕ್ಕೆ ಅಧೀನವಾದ ಉಪವಾಕ್ಯಗಳು ಮುಗಿದೆಡೆಯಲ್ಲಿ ಅರ್ಧವಿರಾಮವನ್ನು ವಿಧಿಸುತ್ತವೆ. ಇಂಗ್ಲಿಷಿನಲ್ಲಿ ಅದು ಹೆಚ್ಚಾಗಿ ಸರಿಸಮಾನರ ನಡುವಿನ ಚಿಹ್ನೆ. ಎರಡನೆಯದು, ನಮ್ಮ ‘ಆದರೆ’. ‘ಬಟ್’ ಎಂಬುದಕ್ಕೂ ಅದೇ, ‘ಹೌಎವರ್’ ಎಂಬುದಕ್ಕೂ ಅದೇ. ‘ಬಟ್’ ಸಂಯೋಜಕ, ಅದರ ಹಿಂದೆ ಅಲ್ಪವಿರಾಮ ಸಾಕು. ‘ಹೌಎವರ್’ ಕ್ರಿಯಾವಿಶೇಷಣ, ಎರಡು ವಾಕ್ಯಗಳನ್ನು ಬೆಸೆಯಲಾರದು. ಅದರ ಹಿಂದೆ ಅರ್ಧವಿರಾಮವೋ ಪೂರ್ಣವಿರಾಮವೋ ಬೇಕು, ಮುಂದೆ ಒಂದು ಅಲ್ಪವಿರಾಮ.

ನಿಯಮಕ್ಕೆ ವಿನಾಯಿತಿಯೂ ಉಂಟು. ಜೂಲಿಯಸ್ ಸೀಸರನ ಹೆಸರಿನಲ್ಲಿ ಪ್ರಸಿದ್ಧವಾದ ಮೂರು ಚಿಕ್ಕ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಬರಿಯ ಅಲ್ಪವಿರಾಮಗಳೇ ಸಾಕಾಗುತ್ತವೆ. ಒಂದೇ ಅಳತೆಯ, ಒಂದೇ ನಡೆಯ ಪುಟ್ಟ ವಾಕ್ಯಗಳಿಗೆ ಸಲ್ಲುವ ರಿಯಾಯಿತಿ ಅದು.

ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಕನ್ನಡದ ಹುಡುಗ ಇಂಗ್ಲಿಷಿನಲ್ಲಿ ಅಲ್ಪವಿರಾಮವನ್ನು ತಪ್ಪಾಗಿ ಇಟ್ಟಾಗ ಅನೇಕ ವೇಳೆ ಅವನ ಕಿವಿಯಲ್ಲಿರುವುದು ತಾಯಿನುಡಿಯ ಲಯ. ಅಂದು ನನ್ನ ಆ ಕೆಂಪು ವೃತ್ತಗಳ ಪಕ್ಕದಲ್ಲಿ ‘ಇದು ಕನ್ನಡದ ನಡೆ, ಇಂಗ್ಲಿಷಿನದು ಬೇರೆ’ ಎಂದು ಒಂದು ಸಾಲು ಬರೆದಿದ್ದರೆ, ಎರಡು ಭಾಷೆಗಳನ್ನೂ ನಾನು ಆ ದಿನವೇ ಇನ್ನಷ್ಟು ಅರಿಯುತ್ತಿದ್ದೆ.