ಬೂದಿ ಮುಚ್ಚಿದ ಕೆಂಡ



ಕನ್ನಡದ ಮೇಷ್ಟರೊಬ್ಬ ನಕ್ಷತ್ರಗಳನ್ನು ಕುರಿತು ಮಾತನಾಡುವುದು ಅಧಿಕಪ್ರಸಂಗವೆನಿಸೀತು. ಆದರೆ ನಾನು ಒಂದು ಋಣ ತೀರಿಸಬೇಕಾಗಿದೆ.

1983ರ ಫೆಬ್ರವರಿ. ನಾನಾಗ ಎಂ.ಎ. ವಿದ್ಯಾರ್ಥಿ. ಭೌತಶಾಸ್ತ್ರ ಓದುತ್ತಿದ್ದ ಗೆಳೆಯನೊಬ್ಬ ಒಂದು ರಾತ್ರಿ ನನ್ನನ್ನು ವಿದ್ಯಾರ್ಥಿನಿಲಯದ ತಾರಸಿಗೆ ಕರೆದೊಯ್ದು, ಬ್ರಹ್ಮಹೃದಯದ ಪಕ್ಕದ ಪುಟ್ಟ ತ್ರಿಕೋನವನ್ನು ತೋರಿಸಿದ. “ಅದು ಎಪ್ಸಿಲಾನ್. ನೆರೆಯ ಈಟಾಗಿಂತ ಪ್ರಕಾಶಮಾನವಾಗಿರಬೇಕಾದದ್ದು ಈಗ ಮಂಕಾಗಿದೆ, ನೋಡು. ಗ್ರಹಣ ಹಿಡಿದಿದೆ ಕಣೋ” ಎಂದ.

ವಿಜಯಸಾರಥಿ ಪುಂಜದ ಈ ಯಮಳ ತಾರೆಗೆ 27 ವರ್ಷಕ್ಕೊಮ್ಮೆ ಗ್ರಹಣ. ಹಿಡಿದದ್ದು ಬಿಡಲು ಸುಮಾರು ಎರಡು ವರ್ಷ ಬೇಕು. ಬೆಳಕು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮರೆಮಾಡುವ ಸಂಗಾತಿ ಮಾತ್ರ ಕಾಣಿಸದು. ಅದು ಅವಕೆಂಪು ಕಿರಣ ಸೂಸುವ ದೈತ್ಯ ತಾರೆಯಿರಬೇಕೆಂದು 1937ರಲ್ಲಿ ಕೈಪರ್, ಸ್ಟ್ರೂವ ಮತ್ತು ಸ್ಟ್ರೋಮ್‌ಗ್ರೆನ್ ಊಹಿಸಿದರು. ತಾರೆಯಲ್ಲ, ಅಂಚು ನಮ್ಮತ್ತ ತಿರುಗಿದ ದಪ್ಪ ಬಿಲ್ಲೆ ಎಂದು 1965ರಲ್ಲಿ ಹುವಾಂಗ್ ವಾದಿಸಿದರು.

ಯಾರ ಮಾತು ನಿಜ? ಬೂದಿ ಮುಚ್ಚಿದ ಕೆಂಡ ಕಣ್ಣಿಗೆ ಕಾಣದು. ಅಂಗೈ ಹಿಡಿದರೆ ತಿಳಿಯುತ್ತದೆ. ಅವಕೆಂಪು ಮಾಪನವೆಂದರೆ ಹಾಗೆ ಅಂಗೈ ಹಿಡಿಯುವುದೇ. ಆದರೆ ನಮ್ಮ ವಾಯುಮಂಡಲವೂ ದೂರದರ್ಶಕವೂ ತಾವೇ ಬಿಸಿಯನ್ನು ಸೂಸುತ್ತವೆ. ಉರಿಯುವ ಒಲೆಯ ಮುಂದೆ ಕುಳಿತು ಆಚೆಮನೆಯ ಕೆಂಡದ ಕಾವನ್ನು ಅಳೆದಂತೆ! ಆದ್ದರಿಂದ ಮಾಪಕವನ್ನು ದ್ರವ ಹೀಲಿಯಮ್ಮಿನಿಂದ ತಣಿಸಿ, ತಾರೆಯನ್ನೂ ಪಕ್ಕದ ಬರಿಯ ಆಕಾಶವನ್ನೂ ಒಂದಾದ ಮೇಲೊಂದರಂತೆ ಮತ್ತೆ ಮತ್ತೆ ಅಳೆದು, ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ.

ನಾವು ತಾರಸಿಯಲ್ಲಿ ನಿಂತು ನೋಡಿದ ಆ ಗ್ರಹಣದಲ್ಲೇ ಉತ್ತರ ದೊರೆಯಿತು. 10 ಮತ್ತು 20 ಮೈಕ್ರಾನ್ ಅಲೆಯುದ್ದಗಳಲ್ಲಿ ತಾರೆ ಅಷ್ಟಾಗಿ ಮಂಕಾಗಿರಲಿಲ್ಲ. ಕಾರಣ, ಮರೆಮಾಡುತ್ತಿದ್ದ ವಸ್ತುವೇ ತನ್ನ ಕಾವನ್ನು ಸೇರಿಸುತ್ತಿತ್ತು. ಅದರ ಉಷ್ಣತೆ ಸುಮಾರು 500 ಕೆಲ್ವಿನ್, ಎಂದರೆ 230 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಇಷ್ಟು ತಣ್ಣಗಿನದು ದೈತ್ಯ ತಾರೆಯಾಗಲಾರದು; ಅದು ಧೂಳಿನ ಬಿಲ್ಲೆ. 2009ರಲ್ಲಿ ಮತ್ತೆ ಗ್ರಹಣ ಹಿಡಿದಾಗ, ಅಮೆರಿಕದ ಮೌಂಟ್ ವಿಲ್ಸನ್ನಿನಲ್ಲಿ ಹಲವು ದೂರದರ್ಶಕಗಳ ಅವಕೆಂಪು ಬೆಳಕನ್ನು ಬೆಸೆದು ಪಡೆದ ಚಿತ್ರಗಳಲ್ಲಿ ಆ ಕಪ್ಪು ಬಿಲ್ಲೆ ತಾರೆಯ ಮೇಲೆ ಸರಿಯುತ್ತಿರುವುದು ಕಂಡಿತು.

2010ರ ಫೆಬ್ರವರಿಯಲ್ಲಿ ನಾನೊಬ್ಬನೇ ತಾರಸಿ ಹತ್ತಿದೆ. ತಾರೆ ಅಂದಿನಂತೆಯೇ ಮಂಕಾಗಿತ್ತು. ತೋರಿಸಿದವನು ಅಷ್ಟರಲ್ಲಿ ಇಲ್ಲವಾಗಿದ್ದ. ಕಾಣದಿರುವುದೆಲ್ಲ ಆರಿಹೋದದ್ದಲ್ಲ ಎಂದು ಆ ರಾತ್ರಿ ನನಗೆ ನಾನೇ ಹೇಳಿಕೊಂಡೆ.

ಮುಂದಿನ ಗ್ರಹಣ 2036ರಲ್ಲಿ. ನಾನು ನೋಡುವೆನೋ ಇಲ್ಲವೋ. ಕೇಳುತ್ತಿರುವ ಕಿರಿಯರೇ, ನೀವು ನೋಡಿ. ಜೊತೆಗೆ ಗೆಳೆಯನೊಬ್ಬನನ್ನು ತಾರಸಿಗೆ ಕರೆದೊಯ್ಯಿರಿ.