ಮೇಲಿನಿಂದ ಬಿಳಿ, ಕೆಳಗಿನಿಂದ ಬೂದು

ಚಳಿಗಾಲದ ಬೆಳಿಗ್ಗೆ ನಂದಿ ಬೆಟ್ಟ ಹತ್ತಿ ನಿಂತರೆ ಮೋಡ ನಿಮ್ಮ ಕಾಲ ಕೆಳಗಿರುತ್ತದೆ. ಬೆಟ್ಟದ ಎತ್ತರ 1478 ಮೀಟರ್. ಮೋಡ ಅಷ್ಟು ಮೇಲೆ ಬರಲಾರದೆ ತಗ್ಗಿನಲ್ಲೇ ಹರಡಿಕೊಂಡಿರುತ್ತದೆ. ಬಿಸಿಲು ಬಿದ್ದರೆ ಕಣ್ಣು ಕುಕ್ಕುವಷ್ಟು ಬಿಳಿ. ಅದೇ ಹೊತ್ತಿಗೆ ಕೆಳಗೆ ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಸ್ಕೂಲ್ ಬಸ್ಸಿಗೆ ಕಾಯುತ್ತಿರುವ ಹುಡುಗಿಗೆ ಆಕಾಶ ಬೂದು, ಮಂಕು. ಮೋಡ ಒಂದೇ. ಆ ಹುಡುಗಿಗೆ ಸಿಗಬೇಕಿದ್ದ ಬೆಳಕಿನಲ್ಲಿ ದೊಡ್ಡ ಪಾಲು ಮೋಡದ ಬೆನ್ನಿಗೆ ತಾಗಿ ಮೇಲಕ್ಕೇ ಹಿಂತಿರುಗಿತು. ಬೆಟ್ಟದ ಮೇಲಿದ್ದವರ ಕಣ್ಣಿಗೆ ಬಿದ್ದದ್ದು ಅದೇ ಬೆಳಕು.

ಸೂರ್ಯನಿಂದ ಭೂಮಿಗೆ ಬರುವ ಬೆಳಕನ್ನು ನೂರು ಪಾಲು ಮಾಡಿದರೆ ಸುಮಾರು 30 ಪಾಲು ಹೀಗೆ ವಾಪಸ್ ಹೋಗುತ್ತದೆ. ಅದರಲ್ಲಿ ಮೋಡಗಳದ್ದೇ ದೊಡ್ಡ ಕೈ.

ಎಲ್ಲ ಕಿರಣಗಳನ್ನೂ ಮೋಡ ಹೀಗೆ ತಡೆಯುವುದಿಲ್ಲ. ಗೌರಿಬಿದನೂರಿನ ಹತ್ತಿರ 1976ರಿಂದ ರೇಡಿಯೋ ದೂರದರ್ಶಕವೊಂದಿದೆ. ಅದಕ್ಕೆ ಕನ್ನಡಿಯೂ ಇಲ್ಲ, ಗಾಜೂ ಇಲ್ಲ. ಬಯಲಿನಲ್ಲಿ ಸಾಲಾಗಿ ನೆಟ್ಟ ಆಂಟೆನಾಗಳೇ ಎಲ್ಲ. ಆಕಾಶ ಪೂರ್ತಿ ಕವಿದಿದ್ದರೂ ಅಲ್ಲಿಗೆ ಸೂರ್ಯನ ರೇಡಿಯೋ ಅಲೆಗಳು ಬಂದು ಮುಟ್ಟುತ್ತವೆ. ಮೋಡದ ಹನಿಗಳು ಬೆಳಕನ್ನು ಚದುರಿಸುತ್ತವೆ, ರೇಡಿಯೋ ಅಲೆಯನ್ನು ಬಿಟ್ಟುಬಿಡುತ್ತವೆ. ನೆಲದಿಂದ ಏಳುವ ಶಾಖವನ್ನೋ, ನುಂಗಿಬಿಡುತ್ತವೆ.

ನುಂಗಿದ ಶಾಖವನ್ನು ಮೋಡ ಮತ್ತೆ ಹೊರಗೆ ಬಿಡಬೇಕಲ್ಲ? ಇಲ್ಲಿ ಮೋಡ ಎಷ್ಟು ಎತ್ತರದಲ್ಲಿದೆ ಎಂಬುದು ಮುಖ್ಯ. ಹತ್ತು ಕಿಲೋಮೀಟರ್ ಮೇಲಿರುವ ತೆಳು ಮೋಡ ಹಿಮದ ಹರಳುಗಳದ್ದು, ಕೊರೆಯುವಷ್ಟು ತಣ್ಣಗಿರುತ್ತದೆ. ಅದು ಹೊರಗೆ ಕಳಿಸುವ ಶಾಖ ಬಹಳ ಕಡಿಮೆ, ಬಿಸಿಲನ್ನೂ ಅಷ್ಟಾಗಿ ತಡೆಯದು. ಅಂಥ ಮೋಡ ಭೂಮಿಯನ್ನು ಬೆಚ್ಚಗೆ ಮಾಡುತ್ತದೆ. ತಗ್ಗಿನ ಮೋಡ ಹೆಚ್ಚುಕಡಿಮೆ ನೆಲದಷ್ಟೇ ಬೆಚ್ಚಗಿರುವುದರಿಂದ ಶಾಖವನ್ನು ಧಾರಾಳವಾಗಿ ಹೊರಗೆ ಬಿಡುತ್ತದೆ, ಬಿಸಿಲನ್ನೂ ಹಿಂದಕ್ಕೆ ಕಳಿಸುತ್ತದೆ. ಒಟ್ಟಿನಲ್ಲಿ ಭೂಮಿಗೆ ತಂಪು.

ಆಷಾಢದಲ್ಲಿ ಚಿಂತಾಮಣಿಯ ಕಡೆ ಮೋಡಕ್ಕೆ ಬೈಗುಳ ತಪ್ಪಿದ್ದಲ್ಲ. ಗಾಳಿಗೆ ಸಿಕ್ಕಿ ಓಡುತ್ತದೆ, ಹನಿ ಬೀಳುವುದಿಲ್ಲ. ಮಳೆಯ ಬಹುಪಾಲು ಪಶ್ಚಿಮ ಘಟ್ಟದಲ್ಲೇ ಸುರಿದು ಮುಗಿದಿರುತ್ತದೆ. ಆದರೂ ಆ ಬೈಗುಳದಲ್ಲಿ ಸ್ವಲ್ಪ ಅನ್ಯಾಯವಿದೆ. ಶಿಡ್ಲಘಟ್ಟದ ಕಡೆ ಹುಳು ಸಾಕುವ ಮನೆಗೆ ಹೋಗಿ ಕೇಳಿ. ರೇಷ್ಮೆ ಹುಳುವಿಗೆ 24ರಿಂದ 28 ಡಿಗ್ರಿ ಹಿತ. ಬೇಸಿಗೆಯಲ್ಲಿ ಕಿಟಕಿಗೆ ಗೋಣಿತಾಟು ಕಟ್ಟಿ, ಒಣಗಿದಾಗಲೆಲ್ಲ ನೀರು ಚಿಮುಕಿಸಿ ಹುಳುವನ್ನು ಕಾಪಾಡಬೇಕು. ಆಷಾಢದಲ್ಲಿ ಆ ತಾಪತ್ರಯ ಇಲ್ಲ. ಮಳೆ ತರದ ಮೋಡವೂ ಮಧ್ಯಾಹ್ನದ ಬಿಸಿಲನ್ನು ತಡೆದಿರುತ್ತದೆ.

ಆದರೆ ಇಡೀ ಭೂಮಿಯ ಲೆಕ್ಕದಲ್ಲಿ ದೊಡ್ಡ ಮೋಡದ ಹಾಸುಗಳಿರುವುದು ಸಮುದ್ರದ ಮೇಲೆ. ಪೆರು, ಕ್ಯಾಲಿಫೋರ್ನಿಯಾ, ನಮೀಬಿಯಾಗಳ ತೀರದಾಚೆ ಅವು ನೂರಾರು ಕಿಲೋಮೀಟರ್ ಹರಡಿವೆ. ಅವು ಬದುಕುವ ರೀತಿಯೇ ವಿಚಿತ್ರ. ಒಲೆಯ ಮೇಲಿನ ಸಾರು ತಳದಲ್ಲಿ ಕಾದು ಮೇಲೆ ಕೆಳಗೆ ತಿರುಗುತ್ತದೆ. ಈ ಮೋಡ ನೆತ್ತಿಯಲ್ಲಿ ತಣ್ಣಗಾಗಿ ತಿರುಗುತ್ತದೆ. ತಣ್ಣಗಾದ ಗಾಳಿ ಕೆಳಗಿಳಿಯುತ್ತದೆ, ಸಮುದ್ರದ ತೇವ ಹೊತ್ತ ಗಾಳಿ ಮೇಲೇರಿ ಮೋಡಕ್ಕೆ ನೀರುಣಿಸುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಅದು ಮೇಲಿನಿಂದ ಶಾಖವನ್ನು ಮೋಡದತ್ತ ವಾಪಸ್ ಕಳಿಸುತ್ತದೆ, ನೆತ್ತಿ ಸರಿಯಾಗಿ ತಣ್ಣಗಾಗುವುದಿಲ್ಲ. ಸಮುದ್ರ ಬಿಸಿಯಾದರೆ ಮೇಲಿನ ಒಣ ಗಾಳಿ ಇನ್ನಷ್ಟು ಒಳನುಗ್ಗಿ ಹನಿಗಳನ್ನು ಆರಿಸಿಬಿಡುತ್ತದೆ. ಹಾಸು ತೆಳುವಾಗುತ್ತದೆ, ಅಲ್ಲಲ್ಲಿ ಹರಿಯುತ್ತದೆ. ಹರಿದಲ್ಲಿ ಕಾಣುವುದು ಕಪ್ಪು ಸಮುದ್ರ. ಅದು ಬಿಸಿಲನ್ನು ಹಿಂದಕ್ಕೆ ಕಳಿಸುವುದು ತೀರಾ ಕಡಿಮೆ. ಸಮುದ್ರ ಇನ್ನಷ್ಟು ಬಿಸಿಯಾಗುತ್ತದೆ, ಮೋಡ ಇನ್ನಷ್ಟು ಕರಗುತ್ತದೆ.

2023ರಲ್ಲಿ ಭೂಮಿ ಲೆಕ್ಕಾಚಾರಕ್ಕಿಂತ ಹೆಚ್ಚು ಬಿಸಿಯಾಯಿತು. ಆ ವರ್ಷ ತಗ್ಗಿನ ಮೋಡಗಳು ಕಡಿಮೆಯಾಗಿ ಭೂಮಿ ಬೆಳಕನ್ನು ಕಡಿಮೆ ಹಿಂತಿರುಗಿಸಿತು ಎಂದು ಜರ್ಮನಿಯ ವಿಜ್ಞಾನಿಗಳು 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ಮೋಡ ಕಡಿಮೆಯಾದದ್ದೇಕೆ? ಈಗ ಹೇಳಿದ ಸುತ್ತು ಒಂದು ಕಾರಣವಿರಬಹುದು. ಇನ್ನೊಂದು ಹಡಗುಗಳ ಹೊಗೆ. 2020ರಲ್ಲಿ ಹಡಗಿನ ಇಂಧನದಲ್ಲಿ ಗಂಧಕ ಇಳಿಸಬೇಕೆಂಬ ನಿಯಮ ಬಂತು. ಉಸಿರಾಟಕ್ಕೆ ಒಳ್ಳೆಯದೇ, ಆದರೆ ಆ ಹೊಗೆಯ ಕಣಗಳ ಸುತ್ತ ಹನಿ ಕಟ್ಟಿ ಮೋಡ ಬೆಳ್ಳಗಾಗುತ್ತಿತ್ತು. ಹವೆಯ ಸಹಜ ಏರಿಳಿತವನ್ನೂ ತಳ್ಳಿಹಾಕುವಂತಿಲ್ಲ.

ಈ ಮೂರನ್ನು ಬೇರೆ ಬೇರೆ ಮಾಡಿ ತೂಗುವುದು ಕಷ್ಟ. ಹವಾಗುಣ ಲೆಕ್ಕ ಹಾಕುವ ಕಂಪ್ಯೂಟರ್ ಭೂಮಿಯನ್ನು ಚೌಕಗಳಾಗಿ ಕತ್ತರಿಸಿಕೊಳ್ಳುತ್ತದೆ. ಒಂದೊಂದು ಚೌಕ ಸುಮಾರು 100 ಕಿಲೋಮೀಟರ್ ಅಗಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಅಂಥ ಒಂದೇ ಚೌಕದಲ್ಲಿ ಹಿಡಿದುಬಿಡುತ್ತವೆ. ಒಂದೂರಲ್ಲಿ ಕವಿದಿದ್ದು ಇನ್ನೊಂದೂರಲ್ಲಿ ಬಿಸಿಲಿದ್ದರೂ, ಆ ಚೌಕಕ್ಕೆಲ್ಲ ಮೋಡ ಇಷ್ಟು ಪಾಲು ಎಂದು ಅದು ಅಂದಾಜು ಮಾಡಿಕೊಳ್ಳಬೇಕು. ಚೌಕವನ್ನು ನಾಲ್ಕೈದು ಕಿಲೋಮೀಟರಿಗೆ ಇಳಿಸಿದ ಹೊಸ ಲೆಕ್ಕಗಳೂ ಬಂದಿವೆ. ಆದರೆ ಮೋಡದ ಹನಿ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು ಸಣ್ಣದು. ಹಾಗಾಗಿ ಅಲ್ಲೂ ಅಂದಾಜು ಬೇಕೇ ಬೇಕು.